ಮೊಬೈಲ್ ಫೋನ್ ಮತ್ತು ಗಣಕಯಂತ್ರ: ವ್ಯತ್ಯಾಸಗಳು ಹಾಗೂ ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಸರ್ಕಾರದ ಸೇವೆಗಳಿಗೆ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರು ಮೊಬೈಲ್ ಫೋನಿನಿಂದಲೇ ಅರ್ಜಿ ಹಾಕಬಹುದೇ, ಗಣಕಯಂತ್ರವೇ ಬೇಕೇ ಎಂದು ವಿಚಾರಿಸುವುದು ಸಾಮಾನ್ಯವಾಗಿದೆ. 2023ರ ಜೂನ್ 18ರಂದು ಗೃಹಜ್ಯೋತಿ ಯೋಜನೆಯ ನೋಂದಣಿಯು ಸೇವಾಸಿಂಧು ಮೂಲಕ ಆರಂಭವಾದಾಗ ಮೊಬೈಲ್ ಫೋನ್, ಲ್ಯಾಪ್‌ಟಾಪ್, ಕಂಪ್ಯೂಟರ್ ಇವುಗಳಲ್ಲಿ ಯಾವುದರಿಂದಲಾದರೂ ನೋಂದಾಯಿಸಿಕೊಳ್ಳಬಹುದೆಂದು ಪ್ರಕಟಿಸಲಾಗಿತ್ತು. ಬಳ್ಳಾರಿ ನಗರದ ಪಾರ್ವತಿನಗರದಲ್ಲಿ ಬಾಡಿಗೆ ಮನೆಯಲ್ಲಿರುವ ಕುಟುಂಬಕ್ಕೂ, ಕುರುಗೋಡು ಅಥವಾ ಸಿರುಗುಪ್ಪ ತಾಲ್ಲೂಕಿನ ಹಳ್ಳಿಯ ಕುಟುಂಬಕ್ಕೂ ಅಂದು ಮುಖ್ಯವಾಗಿ ಬೇಕಾಗಿದ್ದುದು ಜೆಸ್ಕಾಂ ಬಿಲ್ಲಿನಲ್ಲಿ ಮುದ್ರಿತವಾದ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಹಾಗೂ ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆ. ಮೂರನೆಯದು ಇಲ್ಲದವರು ಎಷ್ಟು ಉತ್ತಮವಾದ ಗಣಕಯಂತ್ರದ ಮುಂದೆ ಕುಳಿತರೂ ಅರ್ಜಿಯು ಮುಂದುವರಿಯುತ್ತಿರಲಿಲ್ಲ. ಎರಡು ಉಪಕರಣಗಳ ನಡುವಿನ ವ್ಯತ್ಯಾಸವು ಅರ್ಜಿದಾರರಿಗೆ ಎದುರಾಗುವುದು ಹೆಚ್ಚಾಗಿ ಇಂತಹ ಸಂದರ್ಭದಲ್ಲಿಯೇ.

ರಚನೆಯಲ್ಲಿ ಎರಡೂ ಒಂದೇ ಜಾತಿ

ಒಳರಚನೆಯ ದೃಷ್ಟಿಯಿಂದ ಇಂದಿನ ಮೊಬೈಲ್ ಫೋನ್ ಒಂದು ಪೂರ್ಣ ಪ್ರಮಾಣದ ಗಣಕಯಂತ್ರವೇ ಆಗಿದೆ. ಎರಡರಲ್ಲಿಯೂ ಲೆಕ್ಕ ಮಾಡುವ ಪ್ರೊಸೆಸರ್, ಕೆಲಸ ನಡೆಯುತ್ತಿರುವಾಗ ಮಾತ್ರ ಬಳಕೆಯಾಗುವ ತಾತ್ಕಾಲಿಕ ಸ್ಮರಣೆ, ವಿದ್ಯುತ್ ನಿಂತರೂ ಉಳಿಯುವ ಸಂಗ್ರಹ, ಇವೆಲ್ಲವನ್ನೂ ನಿರ್ವಹಿಸುವ ಕಾರ್ಯಾಚರಣ ವ್ಯವಸ್ಥೆ ಇರುತ್ತವೆ. ಮೇಜಿನ ಗಣಕಯಂತ್ರವು 230 ವೋಲ್ಟ್ ವಿದ್ಯುತ್ತಿನಿಂದ ನಡೆಯುವುದರಿಂದ ಅದರ ಪ್ರೊಸೆಸರ್ ಹೆಚ್ಚು ಶಾಖವನ್ನು ಹೊರಹಾಕಿದರೂ ಫ್ಯಾನ್ ಇಟ್ಟು ತಂಪು ಮಾಡಬಹುದು. ಮೊಬೈಲ್ ಫೋನ್ ಬ್ಯಾಟರಿಯನ್ನು ಅವಲಂಬಿಸಿ ಕಿಸೆಯಲ್ಲಿರಬೇಕಾದುದರಿಂದ ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಪ್ರೊಸೆಸರ್‌ಗಳನ್ನು ಅಳವಡಿಸಲಾಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲಿಗೆ ಇಟ್ಟ ಫೋನ್ ತಾನಾಗಿಯೇ ನಿಧಾನವಾಗುವುದು, ಕೆಲವೊಮ್ಮೆ ಆರಿ ಹೋಗುವುದು ಈ ಕಾರಣದಿಂದ. ಅದು ಕೆಟ್ಟಿದೆ ಎಂದಲ್ಲ, ತನ್ನನ್ನು ತಾನು ರಕ್ಷಿಸಿಕೊಳ್ಳುತ್ತಿದೆ ಎಂದರ್ಥ.

ಕಾನೂನು ಏನು ಹೇಳುತ್ತದೆ

ಮೊಬೈಲ್ ಫೋನ್ ಗಣಕಯಂತ್ರವೇ ಎಂಬ ಪ್ರಶ್ನೆ ನ್ಯಾಯಾಲಯದ ಮುಂದೆಯೂ ಬಂದಿದೆ. ಅದೂ ಬಳ್ಳಾರಿಯ ನೆರೆಯ ರಾಜ್ಯದಲ್ಲಿ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಇದು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಾಗ ಅದರಲ್ಲಿ ಮೊಬೈಲ್ ಫೋನಿನ ಹೆಸರು ಪ್ರತ್ಯೇಕವಾಗಿ ಇರಲಿಲ್ಲ. ಕೆಲವು ವರ್ಷಗಳ ನಂತರ ದೂರವಾಣಿ ಸಂಸ್ಥೆಯೊಂದು ರಿಯಾಯಿತಿ ದರದಲ್ಲಿ ಹ್ಯಾಂಡ್‌ಸೆಟ್‌ಗಳನ್ನು ಮಾರಾಟ ಮಾಡಿ, ಮೂರು ವರ್ಷಗಳ ಕಾಲ ತನ್ನ ಜಾಲದಲ್ಲಿ ಮಾತ್ರ ಅವು ಕೆಲಸ ಮಾಡುವಂತೆ ಬೀಗ ಹಾಕಿತ್ತು. ಮತ್ತೊಂದು ಸಂಸ್ಥೆಯ ಸಿಬ್ಬಂದಿ ಆ ಹ್ಯಾಂಡ್‌ಸೆಟ್‌ಗಳೊಳಗಿನ ಕ್ರಮವಿಧಿಯನ್ನು ಬದಲಾಯಿಸಿ ಗ್ರಾಹಕರನ್ನು ತಮ್ಮ ಜಾಲಕ್ಕೆ ಸೆಳೆದರೆಂಬ ದೂರು ದಾಖಲಾಯಿತು. ಗಣಕಯಂತ್ರದ ಮೂಲ ಸಂಕೇತವನ್ನು ತಿದ್ದುವುದನ್ನು ಅಪರಾಧವೆಂದು ಪರಿಗಣಿಸುವ ಕಲಂ 65 ಇದಕ್ಕೆ ಅನ್ವಯಿಸಬೇಕಾದರೆ ಹ್ಯಾಂಡ್‌ಸೆಟ್ ಮೊದಲು ಗಣಕಯಂತ್ರವಾಗಿರಬೇಕು. ಸೈಯದ್ ಆಸಿಫುದ್ದೀನ್ ಮತ್ತು ಇತರರು ವಿರುದ್ಧ ಆಂಧ್ರಪ್ರದೇಶ ರಾಜ್ಯ ಎಂಬ ಈ ಪ್ರಕರಣದಲ್ಲಿ ಆಂಧ್ರಪ್ರದೇಶ ಉಚ್ಚ ನ್ಯಾಯಾಲಯವು 2005ರಲ್ಲಿ, ತರ್ಕ, ಗಣಿತ ಮತ್ತು ಸ್ಮರಣೆಯ ಕಾರ್ಯಗಳನ್ನು ಮಾಡುವ ಮೊಬೈಲ್ ಹ್ಯಾಂಡ್‌ಸೆಟ್ ಅಧಿನಿಯಮದ ವ್ಯಾಖ್ಯಾನದಂತೆ ಗಣಕಯಂತ್ರವೇ ಎಂದು ಅಭಿಪ್ರಾಯಪಟ್ಟಿತು. ಅಂದಿನ ಹ್ಯಾಂಡ್‌ಸೆಟ್‌ಗಳು ಇಂದಿನ ಸ್ಮಾರ್ಟ್‌ಫೋನ್‌ಗಳಂತಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

2009ರ ಅಕ್ಟೋಬರ್ 27ರಂದು ಜಾರಿಗೆ ಬಂದ ತಿದ್ದುಪಡಿಯು ಸೆಲ್ ಫೋನ್‌ಗಳನ್ನು ಹೆಸರಿಸಿಯೇ ‘ಸಂವಹನ ಸಾಧನ’ ಎಂಬ ವ್ಯಾಖ್ಯಾನವನ್ನು ಸೇರಿಸಿತು. ಅದೇ ತಿದ್ದುಪಡಿಯ ಕಲಂ 66ಸಿ ಮತ್ತು 66ಡಿ ಅರ್ಜಿದಾರರಿಗೆ ನೇರವಾಗಿ ಸಂಬಂಧಿಸಿವೆ. ಬೇರೊಬ್ಬರ ಪಾಸ್‌ವರ್ಡ್ ಅಥವಾ ಗುರುತನ್ನು ವಂಚನೆಯಿಂದ ಬಳಸುವುದು ಹಾಗೂ ಸಂವಹನ ಸಾಧನ ಅಥವಾ ಗಣಕಯಂತ್ರದ ಮೂಲಕ ಮತ್ತೊಬ್ಬರಂತೆ ನಟಿಸಿ ಮೋಸ ಮಾಡುವುದು ಮೂರು ವರ್ಷಗಳವರೆಗಿನ ಕಾರಾವಾಸ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಒಳಪಡುತ್ತದೆ. ಕೃತ್ಯವನ್ನು ಫೋನಿನಿಂದ ಎಸಗಲಾಗಿದೆಯೇ, ಗಣಕಯಂತ್ರದಿಂದಲೇ ಎಂಬುದರಿಂದ ಶಿಕ್ಷೆಯಲ್ಲಿ ವ್ಯತ್ಯಾಸವಾಗುವುದಿಲ್ಲ.

ಸಿಮ್ ಕಾರ್ಡ್: ಮುಖ್ಯ ವ್ಯತ್ಯಾಸ

ಹಾಗಾದರೆ ವ್ಯತ್ಯಾಸವಿರುವುದು ಎಲ್ಲಿ? ಮೇಜಿನ ಗಣಕಯಂತ್ರಕ್ಕೆ ಅದನ್ನು ಬಳಸುವವರು ಯಾರೆಂದು ತಿಳಿಯದು. ಸೈಬರ್ ಸೆಂಟರಿನ ಒಂದೇ ಗಣಕಯಂತ್ರದಲ್ಲಿ ಬೆಳಗಿನಿಂದ ಸಂಜೆಯವರೆಗೆ ಐವತ್ತು ಜನ ಅರ್ಜಿ ಹಾಕಬಹುದು. ಮೊಬೈಲ್ ಫೋನಿನಲ್ಲಾದರೋ ಸಿಮ್ ಕಾರ್ಡ್ ಇದೆ, ಆ ಸಿಮ್ ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರಿನಲ್ಲಿ ಗುರುತಿನ ದಾಖಲೆ ಪಡೆದು ನೀಡಿರುವುದಾಗಿದೆ. ಈ ಕಾರಣದಿಂದಲೇ ಒಂದು ಬಾರಿಯ ಗುಪ್ತಸಂಖ್ಯೆಯನ್ನು, ಅಂದರೆ ಒ.ಟಿ.ಪಿ.ಯನ್ನು, ಮೊಬೈಲ್ ಸಂಖ್ಯೆಗೆ ಕಳುಹಿಸಲಾಗುತ್ತದೆ. ಕಾಗದದ ಅರ್ಜಿಯಲ್ಲಿ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಮಾಡುತ್ತಿದ್ದ ಕೆಲಸವನ್ನು ಇಂದು ಹೆಚ್ಚುಕಡಿಮೆ ಆರು ಅಂಕಿಗಳ ಆ ಸಂಖ್ಯೆ ಮಾಡುತ್ತಿದೆ.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಅರ್ಜಿ ಸಲ್ಲಿಸಲು ದುಬಾರಿ ಸ್ಮಾರ್ಟ್‌ಫೋನ್ ಕಡ್ಡಾಯವಲ್ಲ. ಗುಂಡಿಗಳಿರುವ ಸಾಧಾರಣ ಫೋನಿಗೂ ಒ.ಟಿ.ಪಿ. ಸಂದೇಶ ಬರುತ್ತದೆ, ಅರ್ಜಿ ನಮೂನೆಯನ್ನು ಗ್ರಾಮ ಒನ್, ಕರ್ನಾಟಕ ಒನ್ ಅಥವಾ ನಾಡಕಚೇರಿಯ ಗಣಕಯಂತ್ರದಲ್ಲಿ ತುಂಬಿಸಬಹುದು. ಸಾಧಾರಣ ಫೋನ್ ಉಳ್ಳವರನ್ನು ಗಮನದಲ್ಲಿರಿಸಿಕೊಂಡೇ 2014ರ ಡಿಸೆಂಬರ್ 8ರಂದು ಉದ್ಘಾಟನೆಗೊಂಡ ಕರ್ನಾಟಕ ಮೊಬೈಲ್ ಒನ್ ಯೋಜನೆಯಲ್ಲಿ 161ಕ್ಕೆ ಕರೆ ಮಾಡಿ ಸೇವೆ ಪಡೆಯುವ ವ್ಯವಸ್ಥೆಯನ್ನು ಕಲ್ಪಿಸಲಾಗಿತ್ತು. ಎರಡನೆಯದಾಗಿ, ಸಂಖ್ಯೆಯು ಅರ್ಜಿದಾರರ ಸ್ವಂತದ್ದಾಗಿರಬೇಕು. ಜಿಲ್ಲೆಯಲ್ಲಿ ಹೆಚ್ಚಾಗಿ ತೊಂದರೆಗೆ ಕಾರಣವಾಗುವುದು ಇದೇ ಆದುದರಿಂದ ಸ್ವಲ್ಪ ವಿವರವಾಗಿ ತಿಳಿಸುವುದು ಸೂಕ್ತ.

ಉದಾಹರಣೆಗೆ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ದುಡಿಯುವ ಮಹಿಳೆಯೊಬ್ಬರು ಮಗಳ ವಿದ್ಯಾರ್ಥಿವೇತನಕ್ಕಾಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ಹಗಲಿನಲ್ಲಿ ಬಿಡುವಿಲ್ಲದ ಅವರು ದಾಖಲೆಗಳನ್ನು ಅಂಗಡಿಯೊಂದರಲ್ಲಿ ಕೊಟ್ಟು ಹೋಗುತ್ತಾರೆ. ಅಂಗಡಿಯವರು ಅನುಕೂಲಕ್ಕೆಂದು ತಮ್ಮ ಸಂಖ್ಯೆಯನ್ನೇ ನಮೂದಿಸಿ ಅರ್ಜಿ ಸಲ್ಲಿಸುತ್ತಾರೆ. ಇದರಲ್ಲಿ ದುರುದ್ದೇಶ ಇರಬೇಕೆಂದೇನಿಲ್ಲ. ಆದರೆ ಸ್ವೀಕೃತಿ ಸಂಖ್ಯೆ, ದಾಖಲೆ ಕೊರತೆಯ ಸೂಚನೆ, ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಇವೆಲ್ಲವೂ ಅಂಗಡಿಯವರ ಫೋನಿಗೆ ಹೋಗುತ್ತವೆ. ಅರ್ಜಿ ಯಾವ ಹಂತದಲ್ಲಿದೆ ಎಂಬುದು ಅರ್ಜಿದಾರರಿಗೆ ತಿಳಿಯುವುದೇ ಇಲ್ಲ. ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಮುಗಿದ ಮೇಲೆ ವಿಚಾರಿಸಿದರೆ, ಪ್ರಮಾಣಪತ್ರ ಎಂದೋ ಸಿದ್ಧವಾಗಿತ್ತು ಎಂಬ ಉತ್ತರ ಸಿಗಬಹುದು. ಕರ್ನಾಟಕ ನಾಗರಿಕ ಸೇವಾ ಖಾತರಿ ಅಧಿನಿಯಮ, 2011ರಂತೆ, ಅಂದರೆ ಸಕಾಲದಲ್ಲಿ, ನಿಗದಿತ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕು ನಾಗರಿಕರಿಗಿದೆ. ಆದರೆ ಅದನ್ನು ಕೇಳಲು ಸಹ ಸ್ವೀಕೃತಿಯಲ್ಲಿರುವ ಜಿ.ಎಸ್.ಸಿ. ಸಂಖ್ಯೆ ಕೈಯಲ್ಲಿರಬೇಕು. ಆದ್ದರಿಂದ ಅರ್ಜಿ ನಮೂನೆಯನ್ನು ಯಾರೇ ತುಂಬಿಸಿದರೂ ಮೊಬೈಲ್ ಸಂಖ್ಯೆಯ ಅಂಕಣದಲ್ಲಿ ತಮ್ಮದೇ ಸಂಖ್ಯೆ ಇದೆಯೇ ಎಂದು ನೋಡಿ, ಮುದ್ರಿತ ಸ್ವೀಕೃತಿಯನ್ನು ಅಲ್ಲಿಯೇ ಕೇಳಿ ಪಡೆಯತಕ್ಕದ್ದು.

ದುಡಿಮೆಗಾಗಿ ಬೆಂಗಳೂರು ಮುಂತಾದ ಕಡೆಗೆ ಹೋಗಿ ಬರುವ ಕುಟುಂಬಗಳು ಮತ್ತೊಂದು ವಿಷಯವನ್ನು ಗಮನಿಸಬೇಕು. ಪ್ರೀಪೇಯ್ಡ್ ಸಂಖ್ಯೆಯನ್ನು 90 ದಿನಗಳವರೆಗೆ ಬಳಸದೆ ಬಿಟ್ಟರೆ ಅದು ರದ್ದಾಗಬಹುದು, ಕಾಲಾನಂತರದಲ್ಲಿ ಅದೇ ಸಂಖ್ಯೆ ಬೇರೆಯವರಿಗೆ ಹಂಚಿಕೆಯಾಗಬಹುದು. ಆಗ ಆಧಾರ್‌ನ ಒ.ಟಿ.ಪಿ. ಅಪರಿಚಿತರ ಫೋನಿಗೆ ಹೋಗುತ್ತದೆ. ಹಳೆಯ ಸಂಖ್ಯೆ ಕಳೆದುಹೋಗಿದ್ದರೂ ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬೆರಳ ಗುರುತು ನೀಡಿ ಹೊಸ ಸಂಖ್ಯೆಯನ್ನು ನೋಂದಾಯಿಸಬಹುದು. ಈ ಕೆಲಸವನ್ನು ಅರ್ಜಿಯ ಕೊನೆಯ ದಿನಕ್ಕೆ ಉಳಿಸಿಕೊಳ್ಳಬಾರದು. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಪರಿಶೀಲಿಸಬಹುದಾಗಿದೆ.

ಫೋನಿನಿಂದ ಮಾತ್ರ ಆಗುವ ಕೆಲಸಗಳು

ಕರ್ನಾಟಕದ ರೈತರು ಗಣಕಯಂತ್ರವನ್ನು ಮೊದಲು ಕಂಡದ್ದು ಬಹುಮಟ್ಟಿಗೆ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿದಾಗ ಆ ಯಂತ್ರವು ಕಿಟಕಿಯ ಆಚೆ ಸಿಬ್ಬಂದಿಯ ಕೈಯಲ್ಲಿತ್ತು. ರೈತರು ಈಚೆ ನಿಂತು ಮುದ್ರಿತ ಪಹಣಿ ಪಡೆಯುತ್ತಿದ್ದರು. ಮೊಬೈಲ್ ಫೋನ್ ಕಿಟಕಿಯ ಈಚೆಗೆ ಬಂದ ಯಂತ್ರ. ಅದು ಹೊಲಕ್ಕೂ ಹೋಗುತ್ತದೆ.

ಫೋನಿನಲ್ಲಿ ಉಪಗ್ರಹಗಳ ಸಂಕೇತವನ್ನು ಗ್ರಹಿಸಿ ತಾನಿರುವ ಸ್ಥಳವನ್ನು ಲೆಕ್ಕಹಾಕುವ ಜಿ.ಪಿ.ಎಸ್. ಇರುತ್ತದೆ. ಮೇಜಿನ ಗಣಕಯಂತ್ರದಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಅಂತರಜಾಲ ಸಂಪರ್ಕದ ವಿಳಾಸದಿಂದ ಅದು ಸ್ಥಳವನ್ನು ಊಹಿಸುತ್ತದೆ, ಆ ಊಹೆಯಲ್ಲಿ ಬಳ್ಳಾರಿಯ ಸಂಪರ್ಕ ಬೆಂಗಳೂರಿನದೆಂದು ಕಾಣುವುದೂ ಉಂಟು. 2020ರ ಮುಂಗಾರು ಹಂಗಾಮಿನಲ್ಲಿ ರೈತರೇ ತಮ್ಮ ಬೆಳೆಯ ವಿವರ ಮತ್ತು ಛಾಯಾಚಿತ್ರವನ್ನು ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ಬಳಕೆಗೆ ಬಂದಾಗ, ಹೊಲದಲ್ಲಿ ನಿಂತು ಫೋನಿನಿಂದಲೇ ಚಿತ್ರ ತೆಗೆಯಬೇಕೆಂದು ಸೂಚಿಸಿದುದು ಇದೇ ಕಾರಣಕ್ಕೆ. ಸಿರುಗುಪ್ಪದ ಭತ್ತವಾಗಲಿ, ಕುರುಗೋಡಿನ ಮೆಣಸಿನಕಾಯಿಯಾಗಲಿ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ ಮತ್ತು ಬೆಳೆ ಹಾನಿ ಪರಿಹಾರಗಳಲ್ಲಿ ಈ ದಾಖಲೆಯನ್ನು ಪರಿಗಣಿಸಲಾಗುತ್ತದೆ. ಮನೆಯಲ್ಲಿ ಕುಳಿತು ಗಣಕಯಂತ್ರದಲ್ಲಿ ಇದನ್ನು ಪೂರೈಸಲಾಗದು.

ನಿಂತ ಜಾಗದ ಸರ್ವೆ ನಂಬರನ್ನು ತೋರಿಸುವ ದಿಶಾಂಕ್ ಆ್ಯಪ್ ಸಹ ಇದೇ ತತ್ತ್ವದಲ್ಲಿ ಕೆಲಸ ಮಾಡುತ್ತದೆ. ಆದರೆ ಫೋನಿನ ಜಿ.ಪಿ.ಎಸ್. ಕೆಲವು ಮೀಟರುಗಳಷ್ಟು ಹೆಚ್ಚುಕಡಿಮೆ ತೋರಿಸುತ್ತದೆ. ಅದರ ಆಧಾರದ ಮೇಲೆ ಬದು ಕಡಿಯುವುದಾಗಲಿ, ನೆರೆಯವರೊಂದಿಗೆ ವ್ಯಾಜ್ಯ ಹೂಡುವುದಾಗಲಿ ತರವಲ್ಲ. ಹದ್ದುಬಸ್ತಿಗೆ ಭೂಮಾಪಕರ ಅಳತೆಯೇ ಆಧಾರ.

ಪಿಂಚಣಿದಾರರ ಜೀವನ ಪ್ರಮಾಣಪತ್ರದಲ್ಲಿಯೂ ಇಂತಹ ಬದಲಾವಣೆಯಾಗಿದೆ. 2014ರ ನವೆಂಬರ್‌ನಲ್ಲಿ ಆರಂಭವಾದ ಜೀವನ್ ಪ್ರಮಾಣ್ ವ್ಯವಸ್ಥೆಗೆ ಬೆರಳ ಗುರುತು ಅಥವಾ ಕಣ್ಣಿನ ಪಾಪೆಯನ್ನು ಓದುವ ಪ್ರತ್ಯೇಕ ಉಪಕರಣ ಬೇಕಾಗಿತ್ತು. ಹೊಲ ಮನೆಗಳಲ್ಲಿ ದುಡಿದು ಬೆರಳ ಗೆರೆ ಸವೆದ ಹಿರಿಯರಿಗೆ ಇದು ಕಷ್ಟವಾಗುತ್ತಿತ್ತು. 2021ರ ನವೆಂಬರ್ 29ರಿಂದ ಮುಖ ಗುರುತಿಸುವ ಸೌಲಭ್ಯವನ್ನು ಒದಗಿಸಲಾಗಿದ್ದು, ಮನೆಯಲ್ಲಿರುವ ಯಾರದಾದರೂ ಆಂಡ್ರಾಯ್ಡ್ ಫೋನಿನ ಕ್ಯಾಮೆರಾ ಮುಂದೆ ಕುಳಿತು ಪ್ರಮಾಣಪತ್ರ ಸಲ್ಲಿಸಬಹುದಾಗಿದೆ.

ಗಣಕಯಂತ್ರದಲ್ಲಿ ಸುಲಭವಾಗುವ ಕೆಲಸಗಳು

ಉದ್ದವಾದ ನಮೂನೆ ತುಂಬುವುದು, ಹಲವು ದಾಖಲೆಗಳನ್ನು ಲಗತ್ತಿಸುವುದು, ಒಂದು ಕಡತವನ್ನು ನೋಡಿಕೊಂಡು ಮತ್ತೊಂದರಲ್ಲಿ ಬರೆಯುವುದು ಇವುಗಳಿಗೆ ಗಣಕಯಂತ್ರವೇ ಅನುಕೂಲ. ಫೋನಿನಲ್ಲಿ ನಮೂನೆ ತುಂಬುತ್ತಿರುವಾಗ ಕರೆ ಬಂದರೆ, ಅಥವಾ ಒ.ಟಿ.ಪಿ. ನೋಡಲು ಸಂದೇಶಗಳ ಆ್ಯಪ್‌ಗೆ ಹೋಗಿ ಮರಳಿದರೆ, ಕಡಿಮೆ ಸ್ಮರಣೆಯ ಫೋನು ಪುಟವನ್ನು ಮತ್ತೆ ಮೊದಲಿನಿಂದ ತೆರೆಯಬಹುದು. ತುಂಬಿದ ವಿವರಗಳೆಲ್ಲ ಅಳಿಸಿಹೋಗಬಹುದು. ಕೊನೆಯಲ್ಲಿ ಸ್ವೀಕೃತಿಯು ಹೊಸ ಕಿಟಕಿಯಲ್ಲಿ ತೆರೆಯುವ ವ್ಯವಸ್ಥೆಯಿದ್ದರೆ ಫೋನಿನ ಬ್ರೌಸರ್ ಅದನ್ನು ತಡೆಯುವುದೂ ಉಂಟು. ಅರ್ಜಿ ಸಲ್ಲಿಕೆಯಾಗಿಲ್ಲವೆಂದು ಭಾವಿಸಿ ಎರಡನೆಯ ಬಾರಿ ಶುಲ್ಕ ಪಾವತಿಸುವ ಮೊದಲು, ಸಲ್ಲಿಸಿದ ಅರ್ಜಿಗಳ ಪಟ್ಟಿಯನ್ನು ಪರಿಶೀಲಿಸತಕ್ಕದ್ದು.

ಕಡತದ ಗಾತ್ರವೂ ಒಂದು ತೊಡಕು. ಫೋನಿನ ಕ್ಯಾಮೆರಾದಿಂದ ತೆಗೆದ ಒಂದು ಚಿತ್ರ ಮೂರು ನಾಲ್ಕು ಎಂ.ಬಿ. ಇರುವುದು ಸಾಮಾನ್ಯ, ಅರ್ಜಿಗಳಲ್ಲಿ ಅನುಮತಿಸುವ ಮಿತಿ ಹಲವು ಬಾರಿ ಕೆಲವು ನೂರು ಕೆ.ಬಿ. ಮಾತ್ರ. ಒಂದು ಎಂ.ಬಿ. ಎಂದರೆ 1,024 ಕೆ.ಬಿ. ದಾಖಲೆಯ ಗಾತ್ರ ಇಳಿಸುವಾಗ ಅಕ್ಷರಗಳು ಓದಲು ಬರುವಂತೆ ಉಳಿದಿವೆಯೇ ಎಂದು ಹಿಗ್ಗಿಸಿ ನೋಡಬೇಕು. ಅಸ್ಪಷ್ಟ ದಾಖಲೆಯ ಕಾರಣಕ್ಕೆ ಅರ್ಜಿ ಹಿಂದಿರುಗಿದರೆ ಕಳೆದುಕೊಳ್ಳುವ ದಿನಗಳು ಅರ್ಜಿದಾರರವೇ.

ಫೋನು ಮತ್ತು ಬ್ರೌಸರ್ ಹಿಂದೆ ತುಂಬಿದ ವಿಳಾಸವನ್ನು ನೆನಪಿಟ್ಟುಕೊಂಡು ತಾವೇ ತುಂಬುತ್ತವೆ. ಇದು ಉಪಕಾರವೇ ಆದರೂ ಬಳ್ಳಾರಿ ಜಿಲ್ಲೆಯವರು ಎಚ್ಚರದಿಂದಿರಬೇಕು. ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಬದಲಾಗಿದೆ; 2021ರಲ್ಲಿ ಹೊಸಪೇಟೆ ಮುಂತಾದ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿವೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ ಮತ್ತು ಸಂಡೂರು ಬಳ್ಳಾರಿ ಜಿಲ್ಲೆಯಲ್ಲಿ ಉಳಿದಿವೆ. ಹಳೆಯ ವಿಳಾಸ ತಾನಾಗಿ ತುಂಬಿಕೊಂಡರೆ ಅರ್ಜಿಯು ತಪ್ಪು ಕಚೇರಿಗೆ ಹೋಗುವ ಸಂಭವವಿದೆ.

ಕನ್ನಡ ಅಕ್ಷರಗಳು ಕಾಣದಿದ್ದಾಗ

ಹಳೆಯ ಅರ್ಜಿ ನಮೂನೆ ಅಥವಾ ಆದೇಶವನ್ನು ಫೋನಿನಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣಿಸುತ್ತವೆ ಎಂಬ ದೂರು ಬಹಳ ಹಳೆಯದು. ಕಡತ ಕೆಟ್ಟಿರುವುದಿಲ್ಲ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಅದಕ್ಕೂ ಮೊದಲಿನ ಬರಹ ಮುಂತಾದ ತಂತ್ರಾಂಶಗಳ ಹಿಂದಿನ ಅಕ್ಷರಶೈಲಿಗಳಲ್ಲಿ, ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಸಂಕೇತಸ್ಥಾನಗಳಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗಿತ್ತು. ಕಚೇರಿಯ ಗಣಕಯಂತ್ರದಲ್ಲಿ ಆ ಅಕ್ಷರಶೈಲಿ ಇರುವುದರಿಂದ ಕನ್ನಡ ಕಾಣುತ್ತದೆ. ಫೋನಿನಲ್ಲಿ ಅದಿಲ್ಲದ ಕಾರಣ ಸಂಕೇತಗಳ ಮೂಲರೂಪವೇ ಹೊರಬರುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು 1991ರಲ್ಲಿಯೇ ಮೀಸಲಿಡಲಾಗಿತ್ತಾದರೂ, ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಕ್ಷರಗಳ ಬೆಂಬಲ ಸೇರಿದ್ದು 2012ರ 4.1ನೇ ಆವೃತ್ತಿಯಲ್ಲಿ. ಹೀಗಾಗಿ ಅದಕ್ಕೂ ಹಿಂದಿನ ಫೋನುಗಳಲ್ಲಿ ಯೂನಿಕೋಡ್ ಕನ್ನಡವೂ ಖಾಲಿ ಚೌಕಗಳಾಗಿ ಕಾಣಿಸುತ್ತಿತ್ತು.

ಅರ್ಜಿದಾರರಿಗೆ ಇದರಿಂದ ಆಗುವ ಪರಿಣಾಮವಿಷ್ಟೆ: ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಮನವಿಯನ್ನು ನಕಲಿಸಿ ಅಂತರಜಾಲದ ನಮೂನೆಯಲ್ಲಿ ಅಂಟಿಸಬಾರದು. ಬರೆದವರ ಗಣಕಯಂತ್ರದಲ್ಲಿ ಸರಿಯಾಗಿಯೇ ಇದ್ದ ಮನವಿ, ಅಧಿಕಾರಿಯ ಪರದೆಯ ಮೇಲೆ ಒಂದಕ್ಷರವೂ ಓದಲಾಗದಂತೆ ಬರಬಹುದು. ಫೋನಿನ ಕನ್ನಡ ಕೀಲಿಮಣೆಯಲ್ಲಿ ಬರೆದದ್ದು ಯೂನಿಕೋಡ್‌ನಲ್ಲಿಯೇ ಇರುವುದರಿಂದ ಈ ತೊಂದರೆ ಇಲ್ಲ. ಈ ಒಂದು ವಿಷಯದಲ್ಲಿ ಕಿಸೆಯ ಯಂತ್ರವು ಮೇಜಿನ ಯಂತ್ರಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ.

ಬೇರೆಯವರ ಗಣಕಯಂತ್ರ, ಕಳೆದುಹೋದ ಫೋನು

ಸೈಬರ್ ಸೆಂಟರಿನಲ್ಲಿ ಕೆಲಸ ಮುಗಿದ ಮೇಲೆ ಖಾತೆಯಿಂದ ಹೊರಬಂದು, ಡೌನ್‌ಲೋಡ್ ಆದ ಆಧಾರ್, ಪ್ರಮಾಣಪತ್ರ ಇತ್ಯಾದಿಗಳನ್ನು ಆ ಯಂತ್ರದಿಂದ ಅಳಿಸಬೇಕು. ಪಾಸ್‌ವರ್ಡ್ ಉಳಿಸಲೇ ಎಂದು ಯಂತ್ರ ಕೇಳಿದರೆ ಬೇಡವೆಂದು ಸೂಚಿಸಬೇಕು. 2011ರ ಸೈಬರ್ ಕೆಫೆ ನಿಯಮಗಳಂತೆ ಅಂಗಡಿಯವರು ಬಳಕೆದಾರರ ಗುರುತಿನ ದಾಖಲೆಯನ್ನು ಪರಿಶೀಲಿಸಿ ವಿವರಗಳನ್ನು ಕನಿಷ್ಠ ಒಂದು ವರ್ಷ ಇಡಬೇಕಾಗಿರುವುದರಿಂದ, ಗುರುತಿನ ಚೀಟಿ ಕೇಳಿದರೆ ಅನುಮಾನ ಪಡಬೇಕಾದುದಿಲ್ಲ. ಒ.ಟಿ.ಪಿ.ಯನ್ನು ದೂರವಾಣಿಯಲ್ಲಿ ಕೇಳುವವರು ಯಾವ ಇಲಾಖೆಯ ಹೆಸರು ಹೇಳಿದರೂ ನೀಡಬಾರದು. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು.

ಗಣಕಯಂತ್ರ ಕಳುವಾದರೆ ಯಂತ್ರ ಮತ್ತು ಅದರಲ್ಲಿದ್ದ ಕಡತಗಳು ಹೋಗುತ್ತವೆ. ಫೋನು ಕಳುವಾದರೆ ಇವುಗಳ ಜೊತೆಗೆ ಒ.ಟಿ.ಪಿ. ಬರುವ ಸಂಖ್ಯೆಯೂ ಇನ್ನೊಬ್ಬರ ಕೈ ಸೇರುತ್ತದೆ. ಆದುದರಿಂದ ಮೊದಲು ದೂರವಾಣಿ ಸಂಸ್ಥೆಗೆ ತಿಳಿಸಿ ಸಿಮ್ ಸ್ಥಗಿತಗೊಳಿಸಬೇಕು, ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬೇಕು, ಅದೇ ಸಂಖ್ಯೆಯ ಬದಲಿ ಸಿಮ್ ಪಡೆಯಬೇಕು. ಬಳಿಕ ದೂರಿನ ಪ್ರತಿಯೊಂದಿಗೆ ಸಂಚಾರ್ ಸಾಥಿಯ ಸಿ.ಇ.ಐ.ಆರ್. ವಿಭಾಗದಲ್ಲಿ ಕೋರಿಕೆ ಸಲ್ಲಿಸಿದರೆ, ದೇಶದ ಯಾವ ಜಾಲದಲ್ಲಿಯೂ ಆ ಫೋನು ಕೆಲಸ ಮಾಡದಂತೆ ತಡೆಯಲಾಗುತ್ತದೆ. ಇದಕ್ಕೆ ಫೋನಿನ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆ ಬೇಕಾಗುತ್ತದೆ. ಫೋನು ಕೈಯಲ್ಲಿರುವಾಗಲೇ *#06# ಒತ್ತಿದರೆ ಅದು ಪರದೆಯ ಮೇಲೆ ಕಾಣಿಸುತ್ತದೆ. ಪಡಿತರ ಚೀಟಿ, ಪಹಣಿ ಇಡುವ ಜಾಗದಲ್ಲಿಯೇ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಬಹುದು.